ಬೆಟ್ಟ ಹೊತ್ತ ಕೈ

ಹನ್ನೊಂದನೆಯ ಕಂತು

"ಮೊದಲಿಂದ ಇನ್ನೊಂದು ಸಲ ತೋರಿಸಮ್ಮ," ಎಂದರು ಜಂಬಣ್ಣ.

ಹಿಟ್ಟಿನ ಗಿರಣಿಯ ಮಹಡಿಯಲ್ಲಿದ್ದ ತನ್ನ ಕಂಪ್ಯೂಟರ್ ಟೈಪಿಂಗ್ ಕೋಣೆಯಲ್ಲಿ ಪಂಕಜಾ ತೋರಿಸಿದಳು. ಕಪ್ಪು ಪರದೆಯ ಮೇಲೆ ಅರಿಸಿನ ಬಣ್ಣದ ಅಕ್ಷರಗಳು ಸಾಲುಸಾಲಾಗಿ ಮೇಲೇರಿದವು. ಕೋರ್ಟಿಗೆಂದು ಇಂಗ್ಲಿಷಿನಲ್ಲಿ ಟೈಪಾದ ಮೂವತ್ತೊಂದು ಪುಟದ ವರದಿ. ಮಾತು ಒಂದೂ ಕಡಿಮೆಯಾಗಿರಲಿಲ್ಲ. ‘ಏಳನೆಯ ಚಿತ್ರದಲ್ಲಿ ಕಾಣುವಂತೆ’ ಎಂದು ಬರೆದಿತ್ತು. ಏಳನೆಯ ಚಿತ್ರ ಇರಲಿಲ್ಲ. ‘ಹದಿನೆಂಟನೆಯದಕ್ಕೆ ಹೋಲಿಸಿ ನೋಡಿ’ ಎಂದಿತ್ತು. ಹೋಲಿಸಲು ಏನೂ ಇರಲಿಲ್ಲ. ಇಪ್ಪತ್ತಮೂರು ಫೋಟೋಗಳಿದ್ದ ಜಾಗದಲ್ಲಿ ಅಕ್ಷರಗಳು ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ಕಲ್ಲು ಬಿದ್ದ ಮೇಲೆ ಕೆರೆಯ ನೀರು ಕೂಡಿಕೊಂಡ ಹಾಗೆ, ಎಲ್ಲೂ ಬಿರುಕಿಲ್ಲ.

ನಕಲಿಟ್ಟ ಎರಡನೆಯ ಫ್ಲಾಪಿಯಲ್ಲೂ ಅಷ್ಟೇ. ದಿನಾ ಸಂಜೆ ಆರಕ್ಕೆ ದೀಪ ಹಚ್ಚಿ, ಆ ದಿನದ ಕೆಲಸವನ್ನು ಇನ್ನೊಂದು ಫ್ಲಾಪಿಗೆ ಇಳಿಸಿ, ಕವರಿಗೆ ಕುಂಕುಮ ಮುಟ್ಟಿಸಿ, ಆಮೇಲೆ ಬೀಗ ಹಾಕುವುದು ಪಂಕಜಳ ಪದ್ಧತಿ. ಶನಿವಾರವೂ ತಪ್ಪಿಸಿರಲಿಲ್ಲ. ಕಳೆಯಬಾರದು ಎಂದು ಮಾಡಿದ ಕೆಲಸವೇ ಫೋಟೋಗಳನ್ನು ಎರಡು ಕಡೆ ಕಳೆದಿತ್ತು.

ಗೋಡೆಯ ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಎರಡು ಗಂಟೆಗೆ ಕೋರ್ಟು. ಇದೇ ಕೊನೆಯ ವಾಯಿದೆ.

ಎಂಬತ್ತೆಂಟರ ಆಯುಧಪೂಜೆಯಾದ ಮೂರನೆಯ ದಿನ ಮಾಗಡಿ ರಸ್ತೆಯ ಬಣ್ಣದ ಕಾರ್ಖಾನೆಯ ಬಾಯ್ಲರ್ ಸಿಡಿದು ಇಬ್ಬರು ಸತ್ತರು. ಹೆಚ್ಚಾದ ಹಬೆಯನ್ನು ಹೊರಬಿಡುವ ಅದರ ಸೇಫ್ಟಿ ವಾಲ್ವನ್ನು ತಂತಿಯಿಂದ ಕಟ್ಟಿದವನು ಅಲ್ಲಿನ ಕೆಲಸಗಾರ ಅಂಜಿನಯ್ಯ ಎಂದು ಪೊಲೀಸರು ಅವನನ್ನು ಒಳಗೆ ಹಾಕಿದ್ದರು. ಕಟ್ಟಿದವರಾರೆಂದು ತೋರಿಸುವ ಫೋಟೋ ತನ್ನಲ್ಲಿದೆ ಎಂದ ಚಿಕ್ಕಮುನಿಯಪ್ಪ ಕಳೆದ ತಿಂಗಳು ಮಾರೇನಹಳ್ಳಿಯ ತನ್ನ ಸ್ಟುಡಿಯೋದಲ್ಲೇ ಕತ್ತು ಹಿಸುಕಿದ ಹೆಣವಾಗಿ ಸಿಕ್ಕಿದ್ದ, ಒಂದು ಪ್ರಿಂಟಾಗಲಿ ನೆಗೆಟಿವಾಗಲಿ ಸಿಕ್ಕಿರಲಿಲ್ಲ.

ಸಾಯುವ ಮುಂಚೆ ಅವನು ಈ ಫೋಟೋಗಳನ್ನು ಪಂಕಜಳ ಕಂಪ್ಯೂಟರಿಗೆ ಸೇರಿಸಿ, ತಾನೇ ಕೂತು ವರದಿ ಬರೆಸಿದ್ದ ಎಂಬುದು ಜಂಬಣ್ಣನವರಿಗೆ ಗೊತ್ತಾದದ್ದೇ ಮೊನ್ನೆ ಶನಿವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಬಂದು ನೋಡುತ್ತೇನೆ ಎಂದಿದ್ದರು. ಇದು ಸೋಮವಾರ ಬೆಳಿಗ್ಗೆ.

ಹೊರಗಿನ ಮೆಟ್ಟಿಲ ಮೇಲೆ ಅಂಜಿನಯ್ಯನ ತಾಯಿ ನರಸಮ್ಮ ಕೂತು ಹೂ ಕಟ್ಟುತ್ತಿದ್ದಳು. ಗೋವಿಂದರಾಜನಗರದ ಬೀದಿಬೀದಿಗೆ ಮಲ್ಲಿಗೆ ಮಾರುವ ಮುದುಕಿ. ಮಗ ಒಳಗೆ ಹೋದ ಮೇಲೂ ಒಂದು ದಿನ ಬುಟ್ಟಿ ಕೆಳಗಿಟ್ಟವಳಲ್ಲ. ಒಳಗೆ ಏನಾಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಬಾಯಿ ಜಂಬಣ್ಣನವರಿಗೂ ಇರಲಿಲ್ಲ. ಅವಳಿಗಾಗಿ ಈ ಕೇಸಿನ ಬೆನ್ನು ಹತ್ತಿದ ಮೂರು ವಾರದಿಂದ ಆಕೆಗೆ ಒಂದೇ ಮಾತು ಹೇಳಿಕೊಂಡು ಬಂದಿದ್ದರು: ಫೋಟೋ ಎಲ್ಲೋ ಇದ್ದೇ ಇರ್ತವೆ ನರಸಮ್ಮ, ಸಿಕ್ಕಿದ ದಿನ ನಿನ್ನ ಮಗ ಮನೆಗೆ ಬರ್ತಾನೆ.

ಜಂಬಣ್ಣ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾಗಿ ಮೂಡಲಪಾಳ್ಯದಲ್ಲಿ ಮನೆ ಮಾಡಿಕೊಂಡು ಐದು ವರ್ಷ. ಕಂಪ್ಯೂಟರ್ ಎಂಬುದನ್ನು ಮುಟ್ಟಿದವರಲ್ಲ. ಅವರಿಗೆ ಗೊತ್ತಿದ್ದುದು ಕೇಳುವುದು. ಅವರ ತಂದೆ ಶ್ರಾವಣದಲ್ಲಿ ಜಗಲಿಯ ಮೇಲೆ ಕಾವ್ಯ ಓದುತ್ತಿದ್ದರು; ಕಂಬಕ್ಕೊರಗಿದ ಹುಡುಗ ಕಣ್ಣು ಮುಚ್ಚಿ ಕೇಳುತ್ತಿದ್ದ. ತಂದೆಗೆ ನಿದ್ದೆ ಒತ್ತಿ ಒಂದು ಸಾಲು ಹಾರಿಹೋದರೆ ಅರ್ಥ ಗೊತ್ತಿಲ್ಲದ ಹುಡುಗನಿಗೂ ತಿಳಿಯುತ್ತಿತ್ತು, ಉಸಿರು ತಪ್ಪಿದ ಜಾಗದಿಂದ.

ಈಗ ಈ ಹೆಣ್ಣುಮಗಳ ಮಾತಿನಲ್ಲಿ ಎಲ್ಲೋ ಒಂದು ಸಾಲು ಹಾರಿತ್ತು.

ಅವಸರಪಡಿಸದೆ ಕೇಳಿದರು. ಶನಿವಾರ ಇಲ್ಲಿಗೆ ಬಂದವರು ಯಾರು? ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನ ನಾಗರಾಜು ನಾಲ್ಕು ಗಂಟೆಗೆ ಬಂದು ಒಂದು ಅರ್ಜಿ ಟೈಪ್ ಮಾಡಿಸಿಕೊಂಡು ಹೋಗಿದ್ದ, ಕಾಲು ಗಂಟೆ ಇದ್ದನಷ್ಟೆ. ಅವನಿಗೆ ಈ ಮಶೀನು ಗೊತ್ತೇ? ಆನ್ ಮಾಡುವ ಸ್ವಿಚ್ಚೂ ಗೊತ್ತಿಲ್ಲ ಎಂದಳು ಪಂಕಜಾ. ಕೀಲಿ ಬೇರೆ ಯಾರ ಹತ್ತಿರವಾದರೂ ಇದೆಯೇ? ಇಲ್ಲ.

ಇಪ್ಪತ್ತಮೂರು ಫೋಟೋ ತೆಗೆಯುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದಾಗ ಮಾತ್ರ ಅವಳು ಸ್ವಲ್ಪ ತಡೆದು ಹೇಳಿದಳು.

"ಹೊತ್ತೇನೂ ಬೇಕಿಲ್ಲ ಸಾರ್. ಒಂದೇ ಸಲಕ್ಕೆ ಆಗುತ್ತೆ."

ಹೇಗೆಂದು ವಿವರಿಸಿದಳು. ಪ್ರತಿ ಚಿತ್ರ ಕೂತ ಜಾಗದಲ್ಲೂ ಮಶೀನು ಒಳಗೊಳಗೇ ಒಂದು ಗುರುತು ಇಟ್ಟುಕೊಂಡಿರುತ್ತದೆ. ಆ ಗುರುತು ಎಲ್ಲೆಲ್ಲಿದೆಯೋ ಹುಡುಕು, ಅದರ ಬದಲಿಗೆ ಏನೂ ಇಡಬೇಡ ಎಂದು ಹೇಳಬೇಕು. ಆಗ ಅದು ಒಂದು ಪ್ರಶ್ನೆ ಕೇಳುತ್ತದೆ: ಒಂದೊಂದು ಸಿಕ್ಕಾಗಲೂ ನಿನ್ನನ್ನು ಕೇಳಲೋ, ಬೇಡವೋ? ಬೇಡ ಎಂದರೆ ಮುಗಿಯಿತು. ಎರಡು ಸಲ ಉಸಿರಾಡುವಷ್ಟರಲ್ಲಿ ಎಲ್ಲಾ ಹೋಗಿರುತ್ತವೆ.

ಜಂಬಣ್ಣ ತಲೆಯಾಡಿಸಿ, ಪುಟ ಅಚ್ಚಾದರೆ ಹೇಗೆ ಕಾಣುತ್ತದೋ ಹಾಗೆ ತೋರಿಸು ಎಂದರು. ಪರದೆ ಮಿನುಗಿ ಇಡೀ ಪುಟ ಚಿಕ್ಕದಾಗಿ ಮೂಡಿತು. ಪುಟದ ನೆತ್ತಿಯಲ್ಲಿ ಹೆಬ್ಬೆರಳುಗುರಿನಷ್ಟು ಕಪ್ಪು ಚೌಕ.

"ಇದೇನು?"

"ದೇವರು ಸಾರ್. ಆಂಜನೇಯ. ಎಲ್ಲಾ ಪುಟದ ತಲೆ ಮೇಲೂ ಬರೋ ಹಾಗೆ ಚಿಕ್ಕಮುನಿಯಪ್ಪನವರೇ ಹಾಕಿಸಿದ್ರು. ಬಾಯ್ಲರ್ ರೂಮಿನ ಗೋಡೆ ಮೇಲಿದ್ದ ಪಟದ ಫೋಟೋ. ದೇವರಿದ್ರೆ ಯಾರೂ ಕೈ ಹಾಕಲ್ಲಮ್ಮ ಅಂತಿದ್ರು."

"ಇದು ಹೆಂಗೆ ಉಳೀತು?"

ಪುಟದ ತಲೆಪಟ್ಟಿ ಬೇರೆಯೇ ಒಂದು ಖಾನೆ ಇದ್ದ ಹಾಗೆ, ಆ ಹುಡುಕಾಟ ಅಲ್ಲಿಗೆ ಹೋಗುವುದಿಲ್ಲ. ಹೋಗೆಂದು ಬೇರೆಯಾಗಿ ಹೇಳಬೇಕು ಎಂದಳು. ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಳಗಿನ ಹಿಟ್ಟಿನ ಗಿರಣಿ ಗಡಗಡಿಸುತ್ತಿತ್ತು. ನೆಲ ಅದುರಿ ಮೇಜಿನ ಮೇಲಿನ ಪೆನ್ನು ತಾನೇ ಉರುಳಿತು.

"ಮೆಣಸಿನಕಾಯಿ ಬೀಸ್ತಿದಾರೆ ಸಾರ್," ಎಂದಳು. "ಸೋಮವಾರ ಬಂದ್ರೆ ಇದೇ ಗೋಳು."

ಜಂಬಣ್ಣ ಕಣ್ಣು ಮುಚ್ಚಿ ಒಂದು ನಿಮಿಷ ಕೂತರು. ಕಲ್ಲಿನ ಸದ್ದು ದಪ್ಪವಾಗಿ, ಒಂದೇ ಸಮನಾಗಿ ಬರುತ್ತಿತ್ತು. ಅವರ ಮೂಗಿಗೆ ಘಾಟು ಹತ್ತಲಿಲ್ಲ.

"ಕೆಳಗೆ ಬೀಸ್ತಿರೋದು ರಾಗಿ ಕಣಮ್ಮ," ಎಂದರು.

ಪಂಕಜಾ ಉರುಳಿದ ಪೆನ್ನನ್ನು ಎತ್ತಿಟ್ಟಳು.

ಹಾರಿದ ಸಾಲು ಎಲ್ಲಿತ್ತೆಂದು ಜಂಬಣ್ಣನವರಿಗೆ ಈಗ ತಿಳಿಯಿತು. ತಿಳಿದದ್ದರಲ್ಲಿ ಸುಖವಿರಲಿಲ್ಲ. ಕೆಡುಕು ಮಾಡಬೇಕೆಂದು ಬಂದವನು ಇಡೀ ವರದಿಯನ್ನೇ ಒರೆಸಿ ಹೋಗುತ್ತಿದ್ದ. ಫ್ಲಾಪಿಯನ್ನೇ ಮುರಿದು ಮೋರಿಗೆ ಹಾಕುತ್ತಿದ್ದ. ಮಾತು ಒಂದೂ ಕೆಡದ ಹಾಗೆ ಚಿತ್ರಗಳನ್ನು ಮಾತ್ರ ಎತ್ತಿದವರಿಗೆ ಆ ಮಾತುಗಳ ಮೇಲೆ ಮಮತೆ ಇರಬೇಕು, ಅವನ್ನು ತಾವೇ ಕೂಡಿಸಿದ ಮಮತೆ. ದೇವರ ಮೇಲೆ ಭಯ ಇರಬೇಕು.

"ಒಂದೊಂದಾಗಿ ಕೇಳಬೇಡ ಅಂತ ಯಾಕೆ ಹೇಳಿದೆ ತಾಯಿ?"

ಅವಳು ಕೈಗಳನ್ನು ಮಶೀನಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಒಂದೊಂದಾಗಿ ಕೇಳಿದ್ರೆ ಇಪ್ಪತ್ತಮೂರು ಸಲ ಹೂಂ ಅನ್ಬೇಕಿತ್ತು ಸಾರ್. ಅಷ್ಟು ಶಕ್ತಿ ನಂಗಿರ್ಲಿಲ್ಲ."

ಆಮೇಲೆ ಅವಳಾಗಿಯೇ ಹೇಳಿದಳು. ಫೋಟೋವನ್ನು ಕಂಪ್ಯೂಟರಿಗೆ ಸೇರಿಸುವ ಸ್ಕ್ಯಾನರು ಅಂಗೈಯಗಲದ್ದು. ಇಸ್ತ್ರಿ ಪೆಟ್ಟಿಗೆಯಂತೆ ಅದನ್ನು ಕಾಗದದ ಮೇಲೆ ಇಂಚಿಂಚಾಗಿ ಎಳೆಯಬೇಕು. ಆ ಫೋಟೋಗಳನ್ನು ಅಷ್ಟು ನಿಧಾನವಾಗಿ ನೋಡಿದವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಒಂಬತ್ತನೆಯದರಲ್ಲಿ ದೇವರ ಪಟದ ಕೆಳಗೆ, ಚೆಂಡುಹೂವಿನ ನಡುವೆ, ಒಂದು ಕೈ ಇತ್ತು. ವಾಲ್ವಿನ ಹಿಡಿಗೆ ತಂತಿ ಸುತ್ತುತ್ತಿದ್ದ ಕೈ. ‘ಯಾರ ಕೈ ಎಂಬುದನ್ನು ನ್ಯಾಯಾಲಯವೇ ನೋಡಲಿ’ ಎಂದು ಚಿಕ್ಕಮುನಿಯಪ್ಪ ಅದರ ಕೆಳಗೆ ಬರೆಸಿದ್ದ. ನ್ಯಾಯಾಲಯ ನೋಡುವ ಮುಂಚೆ ಪಂಕಜಾ ನೋಡಿದ್ದಳು.

ನೆತ್ತಿಯ ಮೇಲಿನ ಆ ಚಿಕ್ಕ ಚೌಕವೂ ಅದೇ ಫೋಟೋ, ಕುಗ್ಗಿಸಿ ಇಟ್ಟದ್ದು. ಅವಳು ಅದನ್ನು ಹಿಗ್ಗಿಸಿದಳು. ದೇವರು ದೊಡ್ಡದಾದ. ಹೂವಿನ ಮಾಲೆ ದೊಡ್ಡದಾಯಿತು. ಮಬ್ಬು ಮಬ್ಬಾಗಿ, ಚುಕ್ಕಿ ಚುಕ್ಕಿಯಾಗಿ, ತಂತಿ ಹಿಡಿದ ಎಡಗೈ ಮೂಡಿತು. ಮಣಿಕಟ್ಟಿನಲ್ಲಿ ಕಡಗ.



ಬಾಯ್ಲರ್ ರೂಮಿನ ಆರು ಜನ ಆಂಜನೇಯನಿಗೆ ಹರಕೆ ಹೊತ್ತು ತಾಮ್ರದ ಕಡಗ ಹಾಕಿಸಿಕೊಂಡವರು. ಐದು ಜನ ಬಲಗೈಗೆ. ಅಂಜಿನಯ್ಯನೊಬ್ಬ ಎಡಗೈಗೆ, ಏಕೆಂದರೆ ಅವನ ಬಲ ಮಣಿಕಟ್ಟು ಹಬೆಗೆ ಬೆಂದು ಗಾಯ ಮಾಗಿರಲಿಲ್ಲ. ಈ ಕಥೆಯನ್ನು ಜಂಬಣ್ಣನವರಿಗೂ ಪಂಕಜಳಿಗೂ ಹೇಳಿದವಳು ನರಸಮ್ಮನೇ. ಕಡಗ ತೊಡಿಸಿದವಳೂ ಅವಳೇ.

ಪೂಜೆಯ ದಿನ ಕಾರ್ಖಾನೆಯಲ್ಲಿ ಏನು ನಡೆದಿತ್ತೆಂದು ಊಹಿಸುವುದು ಕಷ್ಟವಾಗಲಿಲ್ಲ. ವಾಲ್ವು ಬುಸ್ಸೆಂದು ಹಬೆ ಬಿಡುತ್ತಿತ್ತು. ಅತಿಥಿಗಳು ಬರುವ ಹೊತ್ತು. ಮಂಗಳಾರತಿಯ ಮಂತ್ರ ಕೇಳಬೇಕು, ಮಾಲೆ ನೆನೆಯಬಾರದು. ಮಾಲೆ ಕಟ್ಟಿದ ತಂತಿಯಲ್ಲೇ ನಾಲ್ಕು ಸುತ್ತು ಸುತ್ತಿ ಅದರ ಬಾಯಿ ಕಟ್ಟಿದ್ದರು. ಪೂಜೆಯ ಮಾಲೆಯನ್ನು ಮೂರು ದಿನ ತೆಗೆಯಬಾರದು ಎಂದು ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಸಿಡಿಯಿತು. ಭಕ್ತಿಯಿಂದಲೇ ಇಬ್ಬರು ಸತ್ತರು.

"ಒಂಬತ್ತನೇದೊಂದನ್ನೇ ತೆಗೆದ್ರೆ ಎಂಟಾದ್ಮೇಲೆ ಹತ್ತು ಯಾಕೆ ಅಂತ ಕೇಳ್ತಾರೆ," ಎಂದಳು ಪಂಕಜಾ. "ಅದಕ್ಕೇ ಎಲ್ಲಾ ತೆಗೆದೆ. ದೇವರು ಉಳಿದಿದ್ದು ಆಮೇಲೆ ನೋಡ್ದೆ. ಶನಿವಾರ ಸಾರ್. ಶನಿವಾರ ಆಂಜನೇಯನ್ನ ನನ್ ಕೈಯಾರೆ ಹೆಂಗೆ ಅಳಿಸ್ಲಿ?"

ನಾಲ್ಕು ವರ್ಷದಿಂದ ಆ ಮುದುಕಿ ದಿನಾ ಒಂದು ಮೊಳ ಹೂ ತಂದು ಈ ಮಶೀನಿಗೆ ಮುಡಿಸಿ ಹೋಗುತ್ತಿದ್ದಾಳೆ ಎಂದಳು. ಶನಿವಾರ ವಿಷಯ ತಿಳಿದ ಮೇಲಂತೂ ಈ ಫೋಟೋ ನನ್ನ ಮಗನನ್ನು ಬಿಡಿಸುತ್ತೆ ಕಣವ್ವ ಎಂದು ಅದರ ಮುಂದೆ ಕೈ ಮುಗಿದಳು. ಅದೇ ಫೋಟೋ ಅವನನ್ನು ಮುಗಿಸುತ್ತದೆ ಎಂದು ಹೇಗೆ ಹೇಳುವುದು? ಫೋಟೋ ಕಳೆದುಹೋಯಿತು ಎಂದರೆ ತಾಯಿಗೆ ನಂಬಿಕೆಯಾದರೂ ಉಳಿಯುತ್ತದೆ.

ಮೂವತ್ತು ವರ್ಷದ ಪೊಲೀಸ್ ಕೆಲಸದಲ್ಲಿ ಜಂಬಣ್ಣ ಇಂಥ ಜಾಗಕ್ಕೆ ಬಂದು ನಿಂತಿರಲಿಲ್ಲ. ನಿಜ ಹೇಳಿದರೆ ಅಂಜಿನಯ್ಯ ಜೈಲಿನಲ್ಲೇ ಮುದುಕನಾಗುತ್ತಾನೆ. ಸುಮ್ಮನಿದ್ದರೂ ಸಾಕ್ಷಿ ಇಲ್ಲದೆ ಅದೇ ಆಗುತ್ತದೆ. ಎರಡು ದಾರಿಯೂ ಅದೇ ಬಾಗಿಲಿಗೆ ಹೋಗುತ್ತಿದ್ದವು.

"ಆ ಕಿರುಬೆರಳು ಏನಾಗಿದೆ?" ಎಂದು ಸುಮ್ಮನೆ ಕೇಳಿದರು, ಮಾತಿಗೊಂದು ಮಾತು ಇರಲಿ ಎಂಬಂತೆ. ಚಿತ್ರದಲ್ಲಿ ಕಿರುಬೆರಳು ಅರ್ಧಕ್ಕೇ ನಿಂತಿತ್ತು.

"ಹೂವಿನ ನೆರಳು ಸಾರ್," ಎಂದಳು ಪಂಕಜಾ.

ಬಾಗಿಲ ಹತ್ತಿರ ನೆರಳಾಡಿತು. ನರಸಮ್ಮ ಕಟ್ಟಿದ ಹೂವನ್ನು ಬಾಳೆ ಎಲೆಯಲ್ಲಿ ಹಿಡಿದು ಒಳಗೆ ಬಂದಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ತಿಳಿಯದು. ಅವಳ ಕಣ್ಣು ಪರದೆಯ ಮೇಲಿತ್ತು. ಪಂಕಜಾ ಅದನ್ನು ಆರಿಸಲು ಕೈ ಚಾಚಿದಳು, ಜಂಬಣ್ಣ ತಡೆದರು. ತಾಯಿಯ ಕಣ್ಣಿನಿಂದ ಇನ್ನೂ ಎಷ್ಟು ದಿನ ಮುಚ್ಚಿಡುವುದು?

ನರಸಮ್ಮ ಕೈಯನ್ನು ನೋಡಲೇ ಇಲ್ಲ. ದೇವರನ್ನು ನೋಡಿದಳು. ಹೂ ಕೆಳಗಿಟ್ಟು, ಎರಡೂ ಕೆನ್ನೆ ಬಡಿದುಕೊಂಡಳು. ಆಮೇಲೆ ಕತ್ತು ಓರೆ ಮಾಡಿ ಇನ್ನಷ್ಟು ಹತ್ತಿರ ಬಗ್ಗಿದಳು.

"ಇದೇನ್ ಸಾಮಿ ಇದು. ಆಂಜನೇಯ ಎಡಗೈಯಾಗೆ ಬೆಟ್ಟ ಎತ್ಕಂಡವ್ನೆ."

"ಪಟದಲ್ಲಿ ಹಾಗೇ ಇರಬೇಕು ನರಸಮ್ಮ."

"ಇಲ್ಲ ಸಾಮಿ. ಕಾರ್ಖಾನೆಯೋರು ಎಲ್ರಿಗೂ ಕೊಟ್ಟ ಪಟ ಇದು. ನಮ್ಮನೆ ಗ್ವಾಡೆ ಮ್ಯಾಲೂ ಐತೆ. ದಿನಾ ಎದ್ದು ಮೊದ್ಲು ಅವನ ಮಕ ನೋಡೋಳು ನಾನು. ಬಲಗೈಯಾಗೆ ಬೆಟ್ಟ, ಎಡಗೈಯಾಗೆ ಗದೆ. ನಂಗೆ ಅಕ್ಸರ ಬರಾಕಿಲ್ಲ. ದ್ಯಾವ್ರ ಕೈ ಗೊತ್ತಾಗಾಕಿಲ್ವಾ?"



ಜಂಬಣ್ಣ ಎದ್ದು ನಿಂತರು. ಹತ್ತು ವರ್ಷದ ಹಿಂದೆ ಒಂದು ಕಳ್ಳತನದ ಕೇಸಿನಲ್ಲಿ ಚಿಕ್ಕಮುನಿಯಪ್ಪನ ಕತ್ತಲೆ ಕೋಣೆಯಲ್ಲಿ ಅವರೇ ಕೂತಿದ್ದರು. ಗಾಬರಿಯಲ್ಲಿ ನೆಗೆಟಿವನ್ನು ಮಗ್ಗುಲು ಬದಲಾಯಿಸಿ ಇಟ್ಟರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ ಎಂದು ಅವನೇ ನಗುತ್ತಾ ತೋರಿಸಿದ್ದ. ಕನ್ನಡಿಯೊಳಗಿನ ಊರಿನ ಹಾಗೆ. ಪ್ರಾಣಭಯದಲ್ಲಿ ಈ ಒಂದನ್ನು ಹಾಗೆ ಇಟ್ಟಿದ್ದ, ಪಾಪ.

ದೇವರ ಕೈ ತಿರುಗಿದ್ದರೆ ಮನುಷ್ಯನ ಕೈಯೂ ತಿರುಗಿದೆ. ಅದು ಎಡಗೈ ಅಲ್ಲ. ಬಲಗೈ. ಬಲಗೈಗೆ ಕಡಗ ಹಾಕಿದ ಐವರಲ್ಲಿ ಒಬ್ಬ.

ಪಂಕಜಳಿಗೂ ಅದೇ ಗಳಿಗೆಯಲ್ಲಿ ಹೊಳೆಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕುರ್ಚಿಯಿಂದ ನೆಲಕ್ಕೆ ಜಾರಿದಳು. ಉಳಿಸಬೇಕೆಂದು ಅವಳು ಒರೆಸಿದ್ದು ಅಂಜಿನಯ್ಯನ ಬಿಡುಗಡೆಯನ್ನೇ. ಇಪ್ಪತ್ತಮೂರು ಸಾಕ್ಷಿ, ಎರಡು ಉಸಿರು. ನರಸಮ್ಮ ಏನೊಂದೂ ಅರ್ಥವಾಗದೆ ಅವಳ ತಲೆ ಸವರಿ, ಯಾಕವ್ವ ಅಳ್ತೀಯ, ಬಿಡು, ನಾನೇನಾರ ತೆಪ್ಪು ಮಾತಾಡ್ದ್ನಾ ಎಂದು ಕೇಳಿದಳು. ಆ ಸಮಾಧಾನ ಪಂಕಜಳನ್ನು ಇನ್ನೂ ಕುಗ್ಗಿಸಿತು.

"ಅಳೋದು ಆಮೇಲೆ," ಎಂದರು ಜಂಬಣ್ಣ. "ಉಳಿದದ್ದು ಇದೊಂದೇ. ಕಾಗದದ ಮೇಲೆ ಇಳಿಸು. ದೊಡ್ಡದಾಗಿ."

ಪ್ರಿಂಟರು ಒಮ್ಮೆ ನರಳಿ ಶುರುವಾಯಿತು. ಅದರ ತಲೆ ಕಾಗದದ ಈ ಅಂಚಿನಿಂದ ಆ ಅಂಚಿಗೆ ಕಿರುಗುಟ್ಟಿಕೊಂಡು ಹೋಗಿ, ಬೆರಳಗಲ ಕೂಡ ಇಲ್ಲದ ಒಂದು ಪಟ್ಟಿ ಬಿಟ್ಟು, ಮತ್ತೆ ಮೊದಲಿಗೆ ಬರುತ್ತಿತ್ತು. ಒಂದು ಪುಟಕ್ಕೆ ಹತ್ತು ನಿಮಿಷ ಆಗುತ್ತೆ ಎಂದಳು ಪಂಕಜಾ. ಮೊದಲು ಚೌಕಟ್ಟಿನ ಅಂಚು ಬಂತು. ಆಮೇಲೆ ಕಿರೀಟ. ಆಮೇಲೆ ಬೆಟ್ಟದ ತುದಿ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.

"ಜೀಪು ಬಂದೈತೆ ಜಂಬಣ್ಣೋರೆ," ಎನ್ನುತ್ತ ಬೈರಯ್ಯ ಒಳಗೆ ಬಂದ. ಬಾಯ್ಲರ್ ರೂಮಿನ ಕೆಲಸಗಾರ, ಕಾರ್ಖಾನೆಯ ಯೂನಿಯನ್ ಸೆಕ್ರೆಟರಿ. ವಕೀಲರನ್ನು ಗೊತ್ತುಮಾಡಿಕೊಟ್ಟವನು, ಅಂಜಿನಯ್ಯನಿಗೆ ಜೈಲಿಗೆ ಊಟ ಕಳಿಸುತ್ತಿದ್ದವನು. ಇಂಥದೊಂದು ವರದಿ ಇದೆ ಎಂದು ನರಸಮ್ಮ ಅವನಿಗೆ ಹೇಳಿದ್ದು ಇಂದು ಬೆಳಿಗ್ಗೆ, ಹೂ ಕೊಡಲು ಹೋದಾಗ. "ರಿಪೋರ್ಟು ನನ್ ಕೈಗೆ ಕೊಟ್ಬಿಡಿ, ಲಾಯರ್ಗೆ ಮುಟ್ಟಿಸ್ತೀನಿ. ಫ್ಲಾಪಿನೂ ಕೊಡಿ, ಇಲ್ಲ್ಯಾಕೆ? ನರಸಮ್ಮ, ಬೆಳಗಿಂದ ಏನೂ ತಿಂದಿರಲ್ಲ ನೀನು. ತಗೋ."

ಇಡ್ಲಿ ಪೊಟ್ಟಣ ನೀಡಿದ. ಎಡಗೈಯಲ್ಲಿ ಅನ್ನ ಕೊಡಬಾರದು; ಬಲಗೈಯಲ್ಲೇ ನೀಡಿದ.

ತಾಮ್ರದ ಕಡಗ. ಪೊಟ್ಟಣದ ದಾರ ಹಿಡಿದ ಬೆರಳುಗಳಲ್ಲಿ ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಅಲ್ಲಿ ಯಾವ ಹೂವಿನ ನೆರಳೂ ಇರಲಿಲ್ಲ.

ಈ ಮೂರು ವಾರದಲ್ಲಿ ಆ ಕೈಯಿಂದ ಎಷ್ಟು ಸಲ ಕಾಫಿ ಲೋಟ ತೆಗೆದುಕೊಂಡಿದ್ದರೋ ಜಂಬಣ್ಣ. ಕೇಳುವುದನ್ನು ಕಲಿತಿದ್ದರು, ನೋಡುವುದನ್ನು ಮರೆತಿದ್ದರು. ಚಿಕ್ಕಮುನಿಯಪ್ಪನ ಕೊರಳಿನ ಮೇಲಿದ್ದ ಬೆರಳ ಗುರುತುಗಳಲ್ಲಿ ಒಂದು ಗಿಡ್ಡವಾಗಿತ್ತು ಎಂದು ಡಾಕ್ಟರು ಹೇಳಿದ್ದು ಈಗ ನೆನಪಾಯಿತು.

ಪಂಕಜಳ ಕಣ್ಣೂ ಆ ಬೆರಳಿನ ಮೇಲೆಯೇ ನೆಟ್ಟಿತ್ತು. ನೋಡಬೇಡ ತಾಯಿ ಎಂದು ಜಂಬಣ್ಣ ಮನಸ್ಸಿನಲ್ಲೇ ಬೇಡಿಕೊಂಡರು.

ಬೈರಯ್ಯ ಪ್ರಿಂಟರಿನ ಕಡೆ ತಿರುಗಿದ. ದೇವರ ಮುಖ ಮುಗಿದು ಎದೆ ಇಳಿಯುತ್ತಿತ್ತು. ಮಾಲೆಯ ಮೊದಲ ಹೂ ಬಂತು.

"ಇದೇನ್ ಬರ್ತಾ ಇರೋದು?"

ಉತ್ತರ ಕೊಟ್ಟವಳು ನರಸಮ್ಮ, ಪೊಟ್ಟಣವನ್ನು ಎದೆಗೊತ್ತಿಕೊಂಡು.

"ಸಾಮಿ ಬರ್ತಾವ್ನೆ ಬೈರಣ್ಣ. ನಮ್ಮ ಅಂಜಿನಿ ತೆಪ್ಪಲ್ಲ ಅಂತ ಹೇಳಾಕೆ. ನಿಂತ್ಕೋ, ಪೂರ್ತಿ ಬರ್ಲಿ."

ಬೈರಯ್ಯ ನಿಂತುಕೊಂಡ. ಒಂದು ಪಟ್ಟಿ ಬಂತು. ಇನ್ನೊಂದು ಪಟ್ಟಿ ಬಂತು. ಹೂವಿನ ನಡುವೆ ತಂತಿಯ ಸುರುಳಿ ಕಾಣಿಸಿತು, ಅದರ ಕೆಳಗೆ ಒಂದು ಬೆರಳ ತುದಿ. ಅವನು ಅದನ್ನು ನೋಡಿದ. ಜಂಬಣ್ಣನವರ ಮುಖ ನೋಡಿದ. ಪಂಕಜಳ ಮುಖ ನೋಡಿದ. ಕೆಳಗೆ ರಾಗಿ ಬೀಸಿ ಮುಗಿದು ಗಿರಣಿಗೆ ಹೊಸ ಮೂಟೆ ಸುರಿದರು. ಸದ್ದು ಇಮ್ಮಡಿಯಾಗಿ ಇಡೀ ಮಹಡಿ ನಡುಗಿತು. ಮೇಲಿನಿಂದ ಯಾರು ಕೂಗಿದರೂ ಬೀದಿಗೆ ಕೇಳುವಂತಿರಲಿಲ್ಲ.

ಬೈರಯ್ಯ ಮುಖ ತಿರುಗಿಸದೆಯೇ ಕೈಯನ್ನು ಹಿಂದಕ್ಕೆ ಚಾಚಿ ಬಾಗಿಲು ಮುಚ್ಚಿದ. ಚಿಲಕ ಹಾಕಿದ್ದೂ ಆ ಬಲಗೈಯೇ.